ತಿಳಿ ಗುಲಾಬಿ ಕಾಣದ ಹುಡುಗನ ಟೈಟ್ರೇಷನ್

ಆ ದಿನ ಬೆಳಿಗ್ಗೆಯೂ ಎಲ್ಲ ದಿನಗಳ ಹಾಗೆ ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸುವುದರಿಂದಲೇ ಶುರುವಾಯಿತು. ಕತ್ತರಿಸಿದ ಚೂರು ಬೇರೆಯಾಗಿ ಬೀಳಬಾರದು, ಪ್ಯಾಕೆಟ್ಟಿಗೇ ಅಂಟಿಕೊಂಡಿರಬೇಕು ಎನ್ನುವುದು ನಮ್ಮ ಯಜಮಾನರ ಕಟ್ಟಪ್ಪಣೆ. ಆ ಚೂರು ಸಿಂಕಿನ ಜಾಲರಿಗೆ ಸಿಕ್ಕಿಕೊಂಡರೆ ತೆಗೆಯುವವರು ಅವರು. ಹಾಲು ಕಾಯಲಿಟ್ಟು, ಇಡ್ಲಿ ಹಿಟ್ಟಿಗೆ ಉಪ್ಪು ಹಾಕಿ, ಅವರ ಬಿ.ಪಿ. ಮಾತ್ರೆಯನ್ನು ಲೋಟದ ಪಕ್ಕದಲ್ಲಿಟ್ಟೆ. ಆಮೇಲೆ ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲೆ ಗಾಜಿನ ಲೋಟದಲ್ಲಿ ನಿಲ್ಲಿಸಿದ್ದ, ಆಮ್ಲ ಕ್ಷಾರ ಅಳೆಯುವ ಪಿ.ಎಚ್. ಸೆನ್ಸರನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದೆ.

ಅದು ಪೆನ್ನಿನಷ್ಟು ಉದ್ದದ ಒಂದು ಕಡ್ಡಿ. ತುದಿಯಲ್ಲಿ ಕಡಲೆಕಾಳಿನಷ್ಟು ದೊಡ್ಡ ಗಾಜಿನ ಗುಂಡು, ಬಲೂನಿಗಿಂತ ತೆಳು. ಆ ಗುಂಡು ಯಾವಾಗಲೂ ಒದ್ದೆಯಾಗಿರಬೇಕು. ಒಣಗಿದರೆ ಅದಕ್ಕೆ ಆಮ್ಲವೂ ಒಂದೇ, ಕ್ಷಾರವೂ ಒಂದೇ. ಆ ಬೆಳಿಗ್ಗೆ ಗುಂಡು ತಿಳಿಯಾಗಿತ್ತು. ಅದಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ತುಂಬಿದ ಟೋಪಿ ಹಾಕಿ, ಹತ್ತಿಯಲ್ಲಿ ಸುತ್ತಿ, ಊಟದ ಚೀಲದಲ್ಲಿ ಮೊಸರನ್ನದ ಡಬ್ಬಿಯ ಪಕ್ಕ ನಿಲ್ಲಿಸಿಕೊಂಡೆ. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಹೊಳೆನರಸೀಪುರದ ಬಸ್ಸು ಹತ್ತುವಾಗ ಕಂಡಕ್ಟರು, "ಚೀಲ ಮೇಲಾಕಿ ಮೇಡಂ," ಎಂದ. "ಬೇಡಪ್ಪ, ತೊಡೆ ಮೇಲೇ ಇಟ್ಕೋತೀನಿ," ಎಂದೆ. ಅಂದು ಪದವಿ ಕಾಲೇಜಿನ ಮೊದಲನೇ ಸೆಮಿಸ್ಟರಿನ ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆ. ನಾನು ನಿವೃತ್ತಳಾಗುವ ಮೊದಲು ನಡೆಸಿದ ಕೊನೆಯ ಪರೀಕ್ಷೆಯೂ ಅದೇ.

ಈಗ ಮನೆಯಲ್ಲೇ ಇದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಆಗಾಗ ಫೋನ್ ಮಾಡಿ, "ಮೇಡಂ, ನಮ್ಮ ಕಾಲೇಜಿಗೂ ಸೆನ್ಸರ್ ಬಂದಿದೆ, ಹೇಗೆ ಕಲಿಸಬೇಕು?" ಎಂದು ಕೇಳುತ್ತಾರೆ. ಹೇಗೆ ಕಲಿಸಬೇಕು ಎನ್ನುವುದು ಪೆಟ್ಟಿಗೆಯೊಳಗಿನ ಪುಸ್ತಕದಲ್ಲೇ ಇದೆ. ಅದರಲ್ಲಿ ಇಲ್ಲದ್ದನ್ನು ಬರೆಯುತ್ತಿದ್ದೇನೆ. ಓದಿದರೆ ಧೈರ್ಯ ಬರುತ್ತದೆ ಎಂದು ಹೇಳಲಾರೆ.

ನನಗೆ ಟೈಟ್ರೇಷನ್ ಕಲಿಸಿದವರು ಹಾಸನದ ಕಾನ್ವೆಂಟಿನ ಒಬ್ಬ ಸಿಸ್ಟರ್. ಬ್ಯುರೆಟ್ ಎಂಬ ಗೆರೆ ಹಾಕಿದ ಉದ್ದ ಗಾಜಿನ ಕೊಳವೆಯಿಂದ ಕ್ಷಾರವನ್ನು ಹನಿಹನಿಯಾಗಿ ಬಿಡುವುದು. ಕೆಳಗಿನ ಫ್ಲಾಸ್ಕಿನಲ್ಲಿ ಆಮ್ಲ ಮತ್ತು ಎರಡು ಹನಿ ಫೀನಾಲ್ಫ್ಥಲೀನ್ ಎಂಬ ಇಂಡಿಕೇಟರ್. ಆಮ್ಲವೆಲ್ಲ ತೀರಿದ ಕ್ಷಣ ಬಣ್ಣವಿಲ್ಲದ ದ್ರಾವಣ ತಿಳಿ ಗುಲಾಬಿಯಾಗುತ್ತದೆ. ಅಲ್ಲೇ ನಿಲ್ಲಿಸಿ ಎಷ್ಟು ಇಳಿಯಿತು ಎಂದು ನೋಡಬೇಕು. ಎಷ್ಟು ತಿಳಿ ಎಂದರೆ, ಸಿಸ್ಟರ್ ತಮ್ಮ ನಿಲುವಂಗಿಯ ಬಿಳಿ ತೋಳನ್ನು ಫ್ಲಾಸ್ಕಿನ ಹಿಂದೆ ಹಿಡಿದು ಹೇಳುತ್ತಿದ್ದರು: ಎಳೇ ಮಗುವಿನ ಉಗುರಿನ ಬಣ್ಣ, ಅದಕ್ಕಿಂತ ಒಂದು ಹನಿ ಹೆಚ್ಚಾದರೂ ನೀನು ಸುಳ್ಳು ಹೇಳಿದ ಹಾಗೆ. ನಾನು ಅದನ್ನು ನಂಬಿಕೊಂಡೇ ಕೆಲಸಕ್ಕೆ ಸೇರಿದೆ.

ಮೊದಲು ಹೋದದ್ದು ಅರಕಲಗೂಡಿಗೆ. ಅಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು ಸೋರದ ಬ್ಯುರೆಟ್ಟುಗಳನ್ನೆಲ್ಲ ಬೀರುವಿನಲ್ಲಿ ತಮ್ಮ ಟವೆಲ್ಲಿನಲ್ಲೇ ಸುತ್ತಿಟ್ಟು ಬೀಗ ಹಾಕಿಕೊಳ್ಳುತ್ತಿದ್ದರು. ಒಡೆದರೆ ಸ್ಟಾಕಿನಲ್ಲಿ ಕಡಿಮೆಯಾಗುತ್ತದಲ್ಲ! ಹುಡುಗರು ಸೋರುವ ಬ್ಯುರೆಟ್ಟಿನ ನಲ್ಲಿಗೆ ವ್ಯಾಸಲೀನ್ ಬಳಿದು, ಹುಡುಗಿಯರು ತುದಿಗೆ ಸಿಕ್ಕ ಕಸವನ್ನು ತಲೆಯ ಪಿನ್ನಿನಿಂದ ತೆಗೆದು ಹೇಗೋ ನಡೆಸುತ್ತಿದ್ದರು. ಹನಿ ಬೀಳಬೇಕಾದಲ್ಲಿ ಧಾರೆ ಬಿದ್ದು ಫ್ಲಾಸ್ಕೆಲ್ಲ ಕೆಂಗುಲಾಬಿ. "ಇದೇನೇ ರೋಸ್‌ಮಿಲ್ಕ್ ಮಾಡಿದ್ದೀಯಾ?" ಎಂದರೆ, "ಐಸ್ ಆಕ್ಬುಟ್ರೆ ಕುಡೀಬೋದು ಮೇಡಂ," ಎನ್ನುವರು. ನಗುತ್ತಿದ್ದೆವು. ಆಗ ನಗು ಬರುತ್ತಿತ್ತು.

ಅಲ್ಲಿಂದ ಚನ್ನರಾಯಪಟ್ಟಣ. ಅಲ್ಲಿನ ಒಂದು ಮಧ್ಯಾಹ್ನ ಮಾತ್ರ ಇಂದಿಗೂ ಮನಸ್ಸಿನಲ್ಲಿ ಕೊರೆಯುತ್ತದೆ. ಹುಡುಗರೆಲ್ಲ ಪ್ರಯೋಗ ಮುಗಿಸಿ ರೆಕಾರ್ಡು ತಂದು ಮೇಜಿನ ಮೇಲಿಟ್ಟಿದ್ದರು. ಎಲ್ಲರದೂ ಒಂದಕ್ಕೊಂದು ಹೊಂದುವ ರೀಡಿಂಗು, ಅಂದವಾದ ಕೈಬರಹ. ಅಷ್ಟರಲ್ಲಿ ಬ್ಯುರೆಟ್ ತೊಳೆಯುತ್ತಿದ್ದ ಅಟೆಂಡರ್ ನಿಂಗಮ್ಮ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಮೇಡಮ್ನೋರೆ, ಒಂದ್ ಎಡವಟ್ಟಾಗದೆ. ಸೋಡಾ ಕ್ಯಾನು ಅಂತವ ಬರೀ ನೀರ್ ಕ್ಯಾನ್ ತಂದು ಎಲ್ಲಾರ್ಗೂ ಉಯ್ದ್ಬುಟ್ಟಿವ್ನಿ," ಎಂದಳು.

ಕ್ಷಾರದ ಬದಲು ಬರೀ ನೀರು. ಎಷ್ಟು ಬಿಟ್ಟರೂ ಫ್ಲಾಸ್ಕಿನಲ್ಲಿ ಗುಲಾಬಿ ಬಂದಿರಲಾರದು. ಆದರೂ ಎಲ್ಲರ ರೆಕಾರ್ಡಿನಲ್ಲೂ ಗುಲಾಬಿ ಬಂದಿತ್ತು, ಹಿಂದಿನ ವರ್ಷದವರಿಗೆ ಬಂದಷ್ಟಕ್ಕೇ ಬಂದಿತ್ತು. ಒಬ್ಬರೂ ಎದ್ದುಬಂದು "ಬಣ್ಣ ಬರ್ತಿಲ್ಲ ಮೇಡಂ" ಎನ್ನಲಿಲ್ಲ. ಮುಖ್ಯಸ್ಥರಿಗೆ ಹೇಳಿದೆ. ಅವರು ಕಾಫಿ ಲೋಟ ಕೆಳಗಿಡದೆ, "ಉತ್ತರ ಸರಿ ಇದೆ ತಾನೆ ಮೇಡಂ? ಸೈನ್ ಹಾಕ್ಬಿಡಿ," ಎಂದರು. ಆ ಮೇಲೆ ನಾನು ರೆಕಾರ್ಡು ತಿದ್ದುವಾಗ ರೀಡಿಂಗನ್ನು ನೋಡುವುದನ್ನೇ ಬಿಟ್ಟೆ. ಹುಡುಗರ ಬೆರಳು ನೋಡುತ್ತಿದ್ದೆ. ನಿಜವಾಗಿ ಟೈಟ್ರೇಷನ್ ಮಾಡಿದವರ ಹೆಬ್ಬೆರಳಿನ ಬುಡದಲ್ಲಿ ಬ್ಯುರೆಟ್ಟಿನ ನಲ್ಲಿ ಒತ್ತಿದ ಗುರುತು ಸ್ವಲ್ಪ ಹೊತ್ತು ಇರುತ್ತದೆ.

ಸೆನ್ಸರುಗಳು ಬಂದದ್ದು ನಾನು ಹೊಳೆನರಸೀಪುರಕ್ಕೆ ವರ್ಗವಾಗಿ ಬಂದ ಮೇಲೆ. ಎರಡು ಪಿ.ಎಚ್. ಸೆನ್ಸರ್, ಬೀಳುವ ಹನಿ ಎಣಿಸುವ ಒಂದು ಪುಟ್ಟ ಚೌಕಟ್ಟು, ಇವೆಲ್ಲವನ್ನೂ ಸೇರಿಸುವ ಒಂದು ಲ್ಯಾಪ್‌ಟಾಪ್. ಸೆನ್ಸರನ್ನು ಫ್ಲಾಸ್ಕಿನಲ್ಲಿ ಅದ್ದಿ ಬ್ಯುರೆಟ್ ತೆರೆದರೆ, ಒಂದೊಂದು ಹನಿಗೂ ತೆರೆಯ ಮೇಲೆ ಒಂದೊಂದು ಚುಕ್ಕೆ. ಮೊದಲು ಚುಕ್ಕೆಗಳು ಸಮತಟ್ಟಾಗಿ ಸಾಗುತ್ತವೆ. ಆಮ್ಲ ಮುಗಿಯುವ ಹೊತ್ತಿಗೆ ಒಮ್ಮೆಗೇ ಮೇಲಕ್ಕೆ ಏರಿ, ಏರಿದಲ್ಲೇ ಮತ್ತೆ ಸಮತಟ್ಟಾಗುತ್ತವೆ. ಆ ಏರಿನ ನಡುವೆ ಇರುವುದೇ ಎಂಡ್ ಪಾಯಿಂಟು, ಆಮ್ಲ ತೀರಿದ ಕ್ಷಣ. ಮೊದಲ ದಿನ ಆ ಗೆರೆ ನೋಡಿ ಶ್ರವಣಬೆಳಗೊಳದ ಕಡೆಯ ಒಬ್ಬಳು ಹುಡುಗಿ, "ಮೇಡಂ, ಇದು ನಮ್ಮ ಬೆಟ್ಟ! ರಸ್ತೇಲ್ ನಡ್ಕಂಡ್ ಬಂದು, ಮೆಟ್ಲು ಅತ್ತಿ, ಮ್ಯಾಲೆ ಬಂಡೆ ಮೇಲೆ ನಿಂತಂಗೆ," ಎಂದಳು. ಮೂವತ್ತು ವರ್ಷ ಬರೀ ಬಣ್ಣ ನೋಡಿಸಿದ್ದ ನನಗೆ, ಬಣ್ಣದ ಹಿಂದೆ ಏನು ನಡೆಯುತ್ತಿತ್ತು ಎನ್ನುವುದು ಕಣ್ಣಿಗೆ ಕಾಣಿಸಿದ್ದು ಅವತ್ತೇ. ಖುಷಿಗೆ ಅವರಿಗೆಲ್ಲ ಕಡಲೆಮಿಠಾಯಿ ತರಿಸಿಕೊಟ್ಟೆ.

ಸಹೋದ್ಯೋಗಿಗಳು ಅಷ್ಟೇನೂ ಖುಷಿಪಡಲಿಲ್ಲ. ಪಕ್ಕದ ಭೌತಶಾಸ್ತ್ರದವರು ಬಾಗಿಲಲ್ಲಿ ತಲೆ ಹಾಕಿ, "ಏನ್ ಮೇಡಂ, ಟೀವಿ ಹಾಕ್ಕೊಂಡು ಟೈಟ್ರೇಷನ್ನಾ? ಸೀರಿಯಲ್ ಬರೋ ಟೈಮಿಗೆ ಹೇಳಿ, ನಾವೂ ಬರ್ತೀವಿ," ಎಂದು ಹೋಗುತ್ತಿದ್ದರು.

ಚೇತನ್ ನನ್ನ ಕಣ್ಣಿಗೆ ಬಿದ್ದದ್ದು ಆ ಕೊನೆಯ ವರ್ಷ. ಹಳ್ಳಿಮೈಸೂರಿನ ಕಡೆಯ ಹುಡುಗ, ತೆಳ್ಳಗೆ, ಅಂಗಿಯ ತೋಳನ್ನು ಯಾವಾಗಲೂ ಗುಂಡಿ ಹಾಕಿ ಮುಚ್ಚಿಕೊಳ್ಳುತ್ತಿದ್ದ. ಮೊದಲ ಟೈಟ್ರೇಷನ್ನಿನಲ್ಲಿ ಅವನ ಫ್ಲಾಸ್ಕು ಬೀಟ್ರೂಟು ಬೇಯಿಸಿದ ನೀರಿನ ಹಾಗಾಗಿತ್ತು. ಅವನು ಇನ್ನೂ ಹನಿ ಬಿಡುತ್ತಲೇ ಇದ್ದ.

"ಯಾಕೋ, ಯಾವಾಗಲೋ ಬಣ್ಣ ಬಂತಲ್ಲೋ."

"ಬಂತಾ ಮೇಡಂ?" ಎಂದು ಫ್ಲಾಸ್ಕನ್ನು ಕಿಟಕಿಗೆ ಹಿಡಿದು ನೋಡಿದ. "ಯಾವಾಗ?"

ಪಕ್ಕದಲ್ಲಿದ್ದವನು ಕಿಸಕ್ಕನೆ ನಕ್ಕು, "ಲೇ ಟೊಮೆಟೊ, ಕಣ್ ಬಿಟ್ಕಂಡ್ ನೋಡ್ಲಾ," ಎಂದ. ಅಡ್ಡಹೆಸರು ಯಾಕೆ ಎಂದು ಆಮೇಲೆ ಚೇತನನೊಬ್ಬನನ್ನೇ ಕೂರಿಸಿಕೊಂಡು ಕೇಳಿದೆ.  ಮೇಜಿನ ಮೇಲೆ ಬಿದ್ದಿದ್ದ ಲಿಟ್ಮಸ್ ಚೂರನ್ನು ಬೆರಳಲ್ಲಿ ಉರುಳಿಸುತ್ತಾ ಹೇಳಿದ.

"ನಮ್ದು ಟೊಮೆಟೊ ಬೆಳೆ ಮೇಡಂ. ಬಿಡ್ಸಕ್ ಓದ್ರೆ ನಾನು ಕಾಯಿ, ಅಣ್ಣು ಎಲ್ಲಾ ಸೇರ್ಸಿ ಬುಟ್ಟಿಗ್ ಆಕ್ಬುಡ್ತೀನಿ. ಮುಟ್ಟಿ ನೋಡಿದ್ರೆ ಮೆತ್ಗಿರೋದು ಗೊತ್ತಾಯ್ತದೆ. ಒಂದೊಂದೇ ಮುಟ್ಟಿ ಬಿಡ್ಸಕ್ ಆಯ್ತದಾ? ನಮ್ಮಪ್ಪ ಸೋಂಬೇರಿ ಅಂತ ಬಯ್ತದೆ. ಬೇಕ್ಬೇಕಂತ್ಲೇ ಮಾಡ್ತಾನೆ ಅಂತದೆ."

ಕೆಂಪು ಹಸಿರಿನ ಬಣ್ಣಗುರುಡು. ಅಂಥವರಿಗೆ ಎಲ್ಲಕ್ಕಿಂತ ಮೊದಲು ಕೈಕೊಡುವುದು ತಿಳಿ ಗುಲಾಬಿಯೇ. ಅದು ಕಾಯಿಲೆಯಲ್ಲ, ಹುಟ್ಟಿನಿಂದ ಬಂದದ್ದು, ತಪ್ಪು ನಿನ್ನದಲ್ಲ ಎಂದು ಹೇಳಿದೆ. ಅವನು ಕೇಳಿದ್ದು ಒಂದೇ ಮಾತು: "ಅಂಗಾರೆ ಕೆಮಿಸ್ಟ್ರಿ ನಂಗಾಗಲ್ವಾ ಮೇಡಂ?"

 ನಾನು ಎದ್ದು ಸೆನ್ಸರಿನ ಪೆಟ್ಟಿಗೆ ತಂದೆ. ಅವನ ಹೊಸ ಫ್ಲಾಸ್ಕಿಗೆ ಬಣ್ಣ ಬರಿಸುವ ಇಂಡಿಕೇಟರನ್ನು ಒಂದು ಹನಿಯೂ ಹಾಕಲಿಲ್ಲ. ತೆರೆಯ ಮೇಲೆ ಚುಕ್ಕೆಗಳು ಸಾಗಿದವು. ಅವನು ತೆರೆಯನ್ನೇ ನೋಡುತ್ತಾ ನಲ್ಲಿ ತಿರುಗಿಸುತ್ತಿದ್ದ. ಚುಕ್ಕೆ ಎದ್ದು ಮೇಲಕ್ಕೇರಿದ ಕೂಡಲೇ ಟಕ್ಕನೆ ನಿಲ್ಲಿಸಿದ. ಅದೇ ಆಮ್ಲಕ್ಕೆ ನಾನು ಬಣ್ಣ ಹಾಕಿ ಮಾಡಿದ್ದಕ್ಕೂ ಅವನದಕ್ಕೂ ಒಂದು ಹನಿಯ ವ್ಯತ್ಯಾಸ, ಅಷ್ಟೇ. ಆ ಒಂದು ಹನಿ ಯಾರ ತಪ್ಪು ಎಂದು ಅವನು ಕೇಳಿದ. ಅಷ್ಟು ವರ್ಷಗಳಲ್ಲಿ ಹಾಗೆ ಕೇಳಿದ ಮೊದಲ ವಿದ್ಯಾರ್ಥಿ. ಮತ್ತೆ ಮಾಡಿ ನೋಡಿದೆವು. ತಪ್ಪು ನನ್ನದೇ.

ಅಲ್ಲಿಂದ ಅವನು ಲ್ಯಾಬು ಬಿಟ್ಟು ಹೋಗುವುದೇ ಕಷ್ಟವಾಯಿತು. ನಿಂಬೆಹಣ್ಣು, ಹುಣಸೆ ನೀರು, ಹುಳಿ ಮಜ್ಜಿಗೆ, ಕೈಗೆ ಸಿಕ್ಕಿದ್ದನ್ನೆಲ್ಲ ತಂದು ಟೈಟ್ರೇಟ್ ಮಾಡುತ್ತಿದ್ದ. ಹುಣಸೆ ನೀರಿಗೆ ಬಣ್ಣ ಹಾಕಿದರೆ ನಮಗ್ಯಾರಿಗೂ ಕಾಣುತ್ತಿರಲಿಲ್ಲ, ಅಷ್ಟು ಕಂದು. ಸೆನ್ಸರಿಗೆ ಕಾಣುತ್ತಿತ್ತು. "ಈಗ ನೀವೂ ಟೊಮೆಟೊನೇ ಕಣ್ರಲಾ," ಎಂದು ಗೆಳೆಯರನ್ನು ಛೇಡಿಸಿದ. ಅವನು ನಗುವುದನ್ನು ಆಗಲೇ ನೋಡಿದ್ದು.

ಆದರೆ ಅವನ ಮನೆಯಲ್ಲಿ ಬೇರೆ ಮಾತು ನಡೆದಿತ್ತು. ಬಣ್ಣವೇ ಕಾಣದವನಿಗೆ ಈ ಓದು ಯಾಕೆ, ಬಿ.ಎ.ಗೆ ಹಾಕುತ್ತೇನೆ ಎಂದು ಅಪ್ಪ ಹಟ ಹಿಡಿದಿದ್ದರಂತೆ. ಚೇತನ್ ನನ್ನ ಮುಂದೆ ಬಂದು ನಿಂತು ಹೇಳಿದ್ದು ಹೀಗೆ:

"ಪರೀಕ್ಷೇಲಿ ಒರಗಿನವ್ರು ಬತ್ತಾರಲ್ಲ ಮೇಡಂ, ಅವ್ರ ಮುಂದೆ ನಾನೇ ನನ್ ಕೈಯಾರೆ ಮಾಡಿ ತೋರುಸ್ಬೇಕು. ನೀವು ನಮ್ಮೇಡಂ, ನೀವು ಸರಿ ಅಂದ್ರೆ ಪಾಪ ಅಂತ ಅಂದಿರ್ಬೋದು. ಅವ್ರು ಸರಿ ಅಂದ್ರೆ ಕೆಮಿಸ್ಟ್ರೀಲೇ ಇರ್ತೀನಿ, ಅಪ್ಪಂಗೂ ಏಳ್ತೀನಿ. ಇಲ್ಲಾಂದ್ರೆ ಬಿಟ್ಬುಡ್ತೀನಿ."

ಬೋರ್ಡ್ ಆಫ್ ಎಕ್ಸಾಮಿನರ್ಸ್‌ನಲ್ಲಿದ್ದ ನನ್ನ ಹಳೆಯ ಸಹಪಾಠಿಯೊಬ್ಬರನ್ನು, ಪರೀಕ್ಷೆಯಲ್ಲಿ ಸೆನ್ಸರ್ ಬಳಸಬಹುದೇ ಎಂದು ಫೋನಿನಲ್ಲಿ ಕೇಳಿದೆ. "ಬೇಡ ಅಂತ ಎಲ್ಲೂ ಬರೆದಿಲ್ಲ. ಬರುವ ಪರೀಕ್ಷಕರು ಒಪ್ಪಿದರೆ ಆಯಿತು," ಎಂದರು. ಅಷ್ಟನ್ನೇ ಹಿಡಿದುಕೊಂಡೆವು.

ನಡುವೆ ಆಯುಧಪೂಜೆ ಬಂತು. ಕಾಲೇಜುಗಳಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಆ ದಿನ ಲ್ಯಾಬಿನ ಸಂಭ್ರಮ ಏನೆಂದು. ತಕ್ಕಡಿಗೆ ಬಾಳೆಕಂದು, ಡಿಸ್ಟಿಲ್ಡ್ ವಾಟರ್ ಯಂತ್ರಕ್ಕೆ ಚೆಂಡುಹೂವಿನ ಹಾರ. ಇಲ್ಲಿಯ ಅಟೆಂಡರ್ ಪುಟ್ಟಸ್ವಾಮಿಗೆ ಸೆನ್ಸರುಗಳೆಂದರೆ ಬಹಳ ಗೌರವ, ಬೆಲೆಬಾಳುವ ಸಾಮಾನು ಎಂದು. ನಾನು ಹಬ್ಬಕ್ಕೆ ಹಿಂದಿನ ದಿನವೇ ಮನೆಗೆ ಹೋಗಿದ್ದೆ. ರಜೆ ಮುಗಿಸಿ ಬಂದು ನೋಡಿದರೆ ಎರಡೂ ಸೆನ್ಸರುಗಳು ಮೇಜಿನ ಮೇಲೆ, ಕೆಂಪು ಬಟ್ಟೆಯಲ್ಲಿ, ಸಾಲಾಗಿ ಮಲಗಿದ್ದವು. ಗಾಜಿನ ಗುಂಡಿನ ಮೇಲೆ ಅರಿಶಿನ, ಅದರ ಮೇಲೆ ಕುಂಕುಮದ ಬೊಟ್ಟು. ಟೋಪಿಗಳನ್ನು ಬೇರೆ ತಟ್ಟೆಯಲ್ಲಿ ತೊಳೆದು ಬೋರಲು ಹಾಕಿತ್ತು.

"ಟೋಪಿ ಒಳ್ಗೆ ಯಾವ್ದೋ ಅಳೇ ನೀರು ನಿಂತಿತ್ತು ಮೇಡಮ್ನೋರೆ," ಎಂದು ಪುಟ್ಟಸ್ವಾಮಿ ಹೆಮ್ಮೆಯಿಂದ ಹೇಳಿದ. "ಪೂಜೆ ದಿನ ಅಂಗೆ ಬಿಡದಾ ಅಂತವ ಎಲ್ಲಾ ಚೆಲ್ಬುಟ್ಟು, ಬಿಸ್ಲಲ್ಲಿ ಒಣಗ್ಸಿ, ಒರ್ಸಿ ಮಡಗಿವ್ನಿ. ಒಂದ್ ಚೂರು ತ್ಯಾವ ಇಲ್ಲ."

ಬಯ್ಯಲು ಬಾಯಿ ಬರಲಿಲ್ಲ. ಅವನು ಮಾಡಿದ್ದು ಪೂಜೆ. ಆ ಹಳೇ ನೀರೇ ಅದರ ಜೀವ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅರಿಶಿನ ತೊಳೆದು, ದಿನಗಟ್ಟಲೆ ದ್ರಾವಣದಲ್ಲಿ ನೆನೆಸಿಟ್ಟೆ. ಒಂದು ಎದ್ದೇಳಲೇ ಇಲ್ಲ. ಇನ್ನೊಂದು ನಿಂಬೆರಸವನ್ನೂ ಸೋಪಿನ ನೀರನ್ನೂ ಒಂದೇ ಎಂದು ತೋರಿಸಿತು. ಹೊಸದು ಕೊಡಿಸಿ ಎಂದು ಪ್ರಾಂಶುಪಾಲರನ್ನು ಕೇಳಿದರೆ, "ಮಾರ್ಚ್ ಆಗ್ಲಿ ಮೇಡಂ, ನೋಡೋಣ," ಎಂದರು. ಪರೀಕ್ಷೆ ಅದಕ್ಕೂ ಮೊದಲೇ ಇತ್ತು.

ಅರಕಲಗೂಡಿನಲ್ಲಿ ನಾನು ಮೊದಲು ಕೆಲಸ ಮಾಡಿದ್ದ ಕಾಲೇಜಿನಲ್ಲೇ ನನ್ನ ಹಳೆಯ ವಿದ್ಯಾರ್ಥಿನಿ ಸವಿತಾ ಈಗ ಉಪನ್ಯಾಸಕಿ. ಅವರ ಕಾಲೇಜಿಗೂ ಅದೇ ಪೆಟ್ಟಿಗೆ ಬಂದಿತ್ತು. ಒಂದು ಭಾನುವಾರ ಅವಳ ಮನೆಗೇ ಹೋದೆ. "ಮೇಡಂ, ನಮ್ದು ಸೀಲೇ ಒಡೆದಿಲ್ಲ," ಎಂದಳು. "ತೆಗ್ದು ಏನಾದ್ರೂ ಆದ್ರೆ ಯಾರ ತಲೆಗೆ ಅಂತ ನಮ್ಮ ಸರ್ ಬೀರುವಿನಲ್ಲೇ ಇಟ್ಟಿದ್ದಾರೆ. ಸ್ಟಾಕ್ ನೋಡೋಕೆ ಬಂದವರು, ಹೊಸದರ ಹಾಗೇ ಇಟ್ಟಿದ್ದೀರಲ್ಲ ಅಂತ ಹೊಗಳಿದರು." ಹಿಂದೆ ಬ್ಯುರೆಟ್ಟುಗಳಿಗೆ ಬೀಗ ಹಾಕುತ್ತಿದ್ದ ಅದೇ ಬೀರು. ಟವೆಲ್ಲು ಮಾತ್ರ ಈಗ ಇಲ್ಲ.

ಸವಿತಾ ತಮ್ಮ ಸರ್ ಅನ್ನು ಹೇಗೆ ಒಪ್ಪಿಸಿದಳೋ ಕಾಣೆ, ಮರುವಾರ ಸೆನ್ಸರನ್ನು ಬಸ್ಸಿನಲ್ಲಿ ತಾನೇ ತಂದುಕೊಟ್ಟಳು. ಟೋಪಿಯೊಳಗೆ ದ್ರಾವಣ ಎಂದೋ ಆರಿ ಬಿಳಿ ಉಪ್ಪು ಹರಳುಗಟ್ಟಿತ್ತು. ಒಂದು ದಿನವೂ ಕೆಲಸ ಮಾಡದೆ ಮುದಿಯಾಗಿತ್ತು ಅದು. ಅದನ್ನು ಮನೆಗೆ ತಂದು, ಕಿಟಕಿ ಕಟ್ಟೆಯ ಮೇಲಿಟ್ಟು, ದ್ರಾವಣ ಬದಲಿಸುತ್ತಾ, ಎಳೇ ಕೂಸನ್ನು ನೋಡಿಕೊಂಡ ಹಾಗೆ ನೋಡಿಕೊಂಡೆ. ಪರೀಕ್ಷೆಯ ವಾರ ಅದು ಸರಿಯಾದ ಉತ್ತರ ಕೊಡತೊಡಗಿತು. ಚೇತನ್ ಅದರಲ್ಲಿ ಮತ್ತೆ ಮತ್ತೆ ಮಾಡಿ ನೋಡಿದ. ಪ್ರತಿ ಸಲವೂ ಸರಿ ಬಂತು.

ಇನ್ನು ಆ ದಿನದ ವಿಷಯ.

ಹೊರಗಿನಿಂದ ಬಂದಿದ್ದ ಪರೀಕ್ಷಕರು ನನಗಿಂತ ಸ್ವಲ್ಪ ಚಿಕ್ಕವರು, ದುಂಡು ಮುಖ, ಸದಾ ನಗು. ಒಳ್ಳೆಯವರು. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಬಂದವರೇ ಮಕ್ಕಳಿಗೆ, "ಹೆದರ್ಕೋಬೇಡಿ, ತಿಂಡಿ ತಿಂದ್ರಾ ಎಲ್ಲಾ?" ಎಂದು ಕೇಳಿದರು. ಚೀಟಿ ಎತ್ತಿಸಿದರು. ಚೇತನನಿಗೆ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಕಾಸ್ಟಿಕ್ ಸೋಡಾದ ಟೈಟ್ರೇಷನ್ನೇ ಬಂತು. ಅವನು ನನ್ನ ಕಡೆ ನೋಡಿದ. ಅವತ್ತು ತೋಳಿನ ಗುಂಡಿ ಬಿಚ್ಚಿ, ಅಂಗಿಯನ್ನು ಮೊಣಕೈವರೆಗೆ ಮಡಚಿಕೊಂಡಿದ್ದ.

ಸೆನ್ಸರಿನ ಲೆಕ್ಕ ಸರಿ ಇದೆಯೇ ಎಂದು, ಪಿ.ಎಚ್. ಎಷ್ಟೆಂದು ಮೊದಲೇ ಗೊತ್ತಿರುವ ಬಫರ್ ದ್ರಾವಣಗಳಲ್ಲಿ ಅದ್ದಿ ಅವರ ಎದುರೇ ತೋರಿಸಿದೆ. ಅವರು ಕುತೂಹಲದಿಂದಲೇ ಬಗ್ಗಿ ನೋಡಿದರು.

"ಇದೆಲ್ಲ ಯಾಕೆ ಮೇಡಂ ಈ ಹುಡುಗನೊಬ್ಬನಿಗೇ?"

ಕಾರಣ ಹೇಳಿದೆ. ಅವರ ಮುಖವೇ ಬದಲಾಯಿತು. "ಅಯ್ಯೋ ಪಾಪ," ಎಂದು ಹೋಗಿ ಚೇತನನ ಹೆಗಲ ಮೇಲೆ ಕೈಯಿಟ್ಟರು. "ಬಣ್ಣ ಕಾಣಲ್ವೇನಪ್ಪ? ಮೊದಲೇ ಹೇಳ್ಬಾರ್ದಾ. ನೀನು ಕೂತ್ಕೋ ಮಗ. ಏನೂ ಮಾಡ್ಬೇಡ. ಪಕ್ಕದ ಹುಡುಗಿ ರೀಡಿಂಗ್ ಹೇಳ್ತಾಳೆ, ಬರ್ಕೊಂಡು ಲೆಕ್ಕ ಮಾಡ್ಕೊಡು. ಫುಲ್ ಮಾರ್ಕ್ಸ್ ಹಾಕ್ತೀನಿ."

"ನಾನ್ ಮಾಡ್ತೀನಿ ಸಾ," ಎಂದ ಚೇತನ್. "ನಂಗೆ ಬತ್ತದೆ."

"ಬರುತ್ತೆ ಕಣಪ್ಪ, ಯಾರು ಇಲ್ಲ ಅಂದ್ರು? ಕೊಡ್ತೀನಿ ಅಂದ್ನಲ್ಲ."

"ಮಾರ್ಕ್ಸ್ ಬ್ಯಾಡ ಸಾ. ಮಾಡಕ್ ಬಿಡಿ."

 ಪರೀಕ್ಷಕರು ನಕ್ಕು ನನ್ನ ಕಡೆ ತಿರುಗಿದರು. ನಾನು, "ಸರ್, ಹತ್ತು ನಿಮಿಷದ ಕೆಲಸ. ನೀವು ಪಕ್ಕದಲ್ಲೇ ನಿಂತು ನೋಡಿ. ತಪ್ಪಾದರೆ ಸೊನ್ನೆ ಹಾಕಿ," ಎಂದೆ. ಅವರು ನನ್ನನ್ನು ಕಿಟಕಿಯ ಬಳಿಗೆ ಕರೆದು ಮೆಲ್ಲಗೆ ಹೇಳಿದರು.

"ಮೇಡಂ, ಮಾರ್ಕ್ಸ್ ಹಾಕೋ ಸ್ಕೀಮಿನಲ್ಲಿ ಇಂಡಿಕೇಟರ್ ಅಂತಿದೆ. ಸೆನ್ಸರ್ ಅಂತ ಇಲ್ಲ. ನಾಳೆ ಯಾರಾದ್ರೂ ಒಬ್ಬ ತಕರಾರು ತೆಗೆದ್ರೆ ನಿಮಗೂ ತೊಂದ್ರೆ, ನನಗೂ ತೊಂದ್ರೆ. ನೀವು ರಿಟೈರ್ ಆಗೋರು. ಹುಡುಗನಿಗೆ ನಷ್ಟ ಆಗ್ತಿದ್ರೆ ನಾನೇ ಬಿಡ್ತಿದ್ದೆ. ನಷ್ಟ ಎಲ್ಲಿದೆ ಹೇಳಿ?"

ನಷ್ಟ ಎಲ್ಲಿದೆ ಎಂದು ಹೇಳಲು ಪ್ರಯತ್ನಿಸಿದೆ. ಅವನ ಅಪ್ಪನ ಮಾತು, ಅವನು ಇಟ್ಟುಕೊಂಡ ಪಣ, ಎಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, "ಫುಲ್ ಮಾರ್ಕ್ಸ್ ನೋಡಿದ್ರೆ ಅವರಪ್ಪ ಖುಷಿಯಾಗ್ತಾರೆ ಬಿಡಿ," ಎಂದರು. ಪ್ರಾಂಶುಪಾಲರ ಕೊಠಡಿಗೆ ಹೋದೆ. ಅವರು ಫೈಲಿನಿಂದ ತಲೆ ಎತ್ತಿ, "ಕಡಿಮೆ ಕೊಟ್ರು ಅಂತ ಬರ್ತಾರೆ, ಸರಿ. ಪೂರ್ತಿ ಕೊಟ್ರು ಅಂತ ಕಂಪ್ಲೇಂಟ್ ತಂದೋರು ನೀವೇ ಮೊದಲು ಮೇಡಂ," ಎಂದರು.

ತಿರುಗಿ ಬರುವಷ್ಟರಲ್ಲಿ ಚೇತನ್ ಸ್ಟೂಲಿನ ಮೇಲೆ ಕೂತಿದ್ದ. ಅವನ ಬ್ಯುರೆಟ್ಟು ತುದಿಯವರೆಗೆ ತುಂಬಿತ್ತು, ಒಂದು ಹನಿಯೂ ಇಳಿದಿರಲಿಲ್ಲ. ಲ್ಯಾಪ್‌ಟಾಪಿನ ತೆರೆ ಖಾಲಿ. ಪಕ್ಕದ ರಂಜಿತಾ ಬಹಳ ಸಂಕಟದಿಂದ, ಬೇರೆಯವರಿಗೆ ಕೇಳದ ಹಾಗೆ, ತನ್ನ ರೀಡಿಂಗುಗಳನ್ನು ಹೇಳುತ್ತಿದ್ದಳು. ಅವನು ಬರೆದುಕೊಳ್ಳುತ್ತಿದ್ದ. ಲೆಕ್ಕ ಒಂದಿಷ್ಟೂ ತಪ್ಪಿರಲಿಲ್ಲ. ಪರೀಕ್ಷಕರು ಅವನ ಹಾಳೆಯ ಮೇಲೆ ದೊಡ್ಡದಾಗಿ ಸರಿ ಗುರುತು ಹಾಕಿ, "ವೆರಿ ಗುಡ್," ಎಂದು ಬೆನ್ನು ತಟ್ಟಿದರು.

ಹುಡುಗರೆಲ್ಲ ಹೋದ ಮೇಲೂ ಅವನು ಹೋಗಲಿಲ್ಲ. ಬಾಗಿಲ ಬಳಿ ನಿಂತು, "ಮೇಡಂ, ನಾನೇ ಮಾಡಿದ್ರೆ ಎಷ್ಟು ಬತ್ತಿತ್ತು?" ಎಂದ.

"ಈಗಲೇ ಮಾಡು ಬಾ. ನಾನು ನೋಡ್ತೀನಿ."

ಇಬ್ಬರೂ ಒಳಗೆ ಬಂದೆವು. ಮಧ್ಯಾಹ್ನದ ಬ್ಯಾಚಿಗೆಂದು ಪುಟ್ಟಸ್ವಾಮಿ ಅಷ್ಟರಲ್ಲಿ ಎಲ್ಲ ಬ್ಯುರೆಟ್ಟುಗಳನ್ನೂ ತೊಳೆದು ಬೋರಲು ನಿಲ್ಲಿಸಿದ್ದ. ಚೇತನನಿಗೆ ಕೊಟ್ಟಿದ್ದ ಆಮ್ಲ ಎಷ್ಟಿತ್ತೋ ಅಷ್ಟೂ ಸಿಂಕಿಗೆ ಹೋಗಿತ್ತು. "ಬೇರೆ ಕೊಡ್ತೀನಿ ಇರು," ಎಂದೆ.

"ಬ್ಯಾಡ ಬಿಡಿ ಮೇಡಂ. ಬೇರೇದು ಬೇರೇದೇ ಅಲ್ವಾ." ಮಡಚಿದ್ದ ತೋಳನ್ನು ಇಳಿಸಿ ಗುಂಡಿ ಹಾಕಿಕೊಂಡ. "ನಿಮ್ಗೆ ಶ್ಯಾನೆ ತೊಂದ್ರೆ ಕೊಟ್ಟೆ. ಬತ್ತೀನಿ."

ಎರಡನೇ ಸೆಮಿಸ್ಟರಿಗೆ ಅವನು ಬರಲಿಲ್ಲ. ಬಿ.ಎ.ಗೆ ಸೇರಿದ ಎಂದು ರಂಜಿತಾ ಹೇಳಿದಳು. ಫೋನ್ ಮಾಡಿದೆ. ಅವರಪ್ಪ ಎತ್ತಿ, "ಅಷ್ಟೊಂದ್ ಮಾರ್ಕ್ಸ್ ಕೊಡ್ಸಿದ್ರಿ, ನಿಮ್ ಉಪ್ಕಾರ ಮರ್ಯಕಿಲ್ಲ ಮೇಡಮ್ನೋರೆ. ಆದ್ರೂ ನೋಡಿ, ಅವ್ನಿಗೇ ಬ್ಯಾಡಂತೆ," ಎಂದರು. ಅರಕಲಗೂಡಿನ ಸೆನ್ಸರನ್ನು ಸವಿತಾಗೆ ಹಿಂದಿರುಗಿಸಿದೆ. ಅವರ ಸರ್ ಅದನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟು ಟೇಪು ಅಂಟಿಸಿದರಂತೆ.

ಹೊಸದಾಗಿ ಬರುವವರು ನನ್ನನ್ನು ಉಪಾಯ ಕೇಳುತ್ತಾರೆ. ಸೆನ್ಸರಿನ ಗುಂಡು ಒಣಗದಂತೆ ನೋಡಿಕೊಳ್ಳುವ ಉಪಾಯ ಹೇಳಬಲ್ಲೆ. ಅಟೆಂಡರಿಗೆ ಮೊದಲೇ ಎಲ್ಲ ವಿವರಿಸಿ ಎನ್ನಬಲ್ಲೆ. ಬಾಗಿಲಲ್ಲಿ ಅಡ್ಡ ನಿಂತವನನ್ನು ತಳ್ಳಿಕೊಂಡು ಒಳಗೆ ಹೋಗಬಹುದು. ಕೈ ಹಿಡಿದು ಕೂರಿಸಿ ಎಲ್ಲ ಕೊಟ್ಟುಬಿಡುವವರನ್ನು ಏನು ಮಾಡುವುದೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಕಲಿಸುವ ಕಷ್ಟವೆಲ್ಲ ಯಂತ್ರ ಬಂದ ಮೇಲೆ ತೀರುತ್ತದೆ ಎಂದುಕೊಂಡಿದ್ದವಳು ನಾನು. ಯಂತ್ರ ಬಂತು, ಕೆಟ್ಟಿತು, ಸರಿಯೂ ಆಯಿತು. ಆ ದಿನ ಅದೊಂದೇ ಸರಿಯಾಗಿ ಕೆಲಸ ಮಾಡಲು ಸಿದ್ಧವಿದ್ದದ್ದು.

ಅವತ್ತು ಸಂಜೆ ಹಾಸನಕ್ಕೆ ಬಂದು ಬಸ್ಸಿಳಿದಾಗ ಬಿಸಿಲು ಇನ್ನೂ ಇತ್ತು. ಮನೆಯ ಗೇಟು ತೆಗೆಯಲು ಕೈ ಬರದೆ ಸುಮ್ಮನೆ ಅದನ್ನೇ ಹಿಡಿದುಕೊಂಡು ನಿಂತೆ. ಪಕ್ಕದ ಮನೆಯ ಸರೋಜಮ್ಮ ಅಂಗಳದ ತಂತಿಯಿಂದ ಒಣಗಿದ ಬಟ್ಟೆ ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತಿದ್ದವರು ಕಾಂಪೌಂಡಿನ ಬಳಿಗೆ ಬಂದರು.

"ಯಾಕ್ ಮೇಡಂ, ಮುಖ ಇಷ್ಟು ಬಾಡೋಗಿದೆ? ಉಷಾರಿಲ್ವಾ?"

"ಹಾಗೇನಿಲ್ಲ ಸರೋಜಮ್ಮ. ಪರೀಕ್ಷೆ ಇತ್ತು."

"ಅಯ್ಯೋ, ಈಗ್ಲೇ ಪರೀಕ್ಷೆನಾ? ಯಾವ ಪರೀಕ್ಷೆ?"

"ಪ್ರಾಕ್ಟಿಕಲ್."

"ಓ, ಪ್ರಾಕ್ಟಿಕಲ್ಲಾ?" ಸರೋಜಮ್ಮ ಒಂದು ಟವೆಲ್ ಕೊಡವಿ ಮಡಚುತ್ತಾ ಒಳಗೆ ಹೊರಟರು. "ನಾನೆಲ್ಲೋ ನಿಜವಾದ ಪರೀಕ್ಷೆ ಅನ್ಕೊಂಡೆ."